ಒಂದೇ ಲಾಟ್ ಮೂರು ಸಲ ಬೀಳ್ಲಿಕತ್ತದ: ಇವೆಂಟ್ ಎಲ್ಲಾ ಸರ್ವರ್‌ಗೇ ಕಳಿಸಿ ತಪ್ಪು ಮಾಡಿದ್ನೇನ್ರಿ?

ಒಣದ್ರಾಕ್ಷಿ_ಕೋಡ್ (ವಿಜಯಪುರ), ಸೋಮವಾರ ರಾತ್ರಿ 9:40

ನಮಸ್ಕಾರ್ರಿ ಎಲ್ಲಾರಿಗೂ. ಮೂರು ದಿನದಿಂದ ತಲಿ ಕೆಟ್ಟು ಕೂತೀನಿ, ಅದಕ್ಕ ಉದ್ದ ಬರೀಲಿಕತ್ತೀನಿ.

ತಿಕೋಟಾ ಕಡೆ ಒಂದು ಕೋಲ್ಡ್ ಸ್ಟೋರೇಜ್‌ಗೆ ಒಣದ್ರಾಕ್ಷಿ ಆವಕ-ಜಾವಕದ ಸಾಫ್ಟ್‌ವೇರ್ ಮಾಡಿಕೊಟ್ಟೀನಿ. ರೈತರ ಗಾಡಿ ಬರ್ತದ, ತೂಕ ಆಗ್ತದ, ಸೂಪರ್‌ವೈಜರ್ ಕೈಯಾಗ ಒಂದು ಟ್ಯಾಬ್ ಇರ್ತದ. ರೈತರ ಹೆಸರು, ಊರು, ಬಾಕ್ಸ್ ಎಷ್ಟು, ಯಾವ ಚೇಂಬರ್, ಯಾವ ರ‍್ಯಾಕ್, ಇಷ್ಟು ತುಂಬ್ತಾನ. ನಾ ಒಬ್ಬನ ಮಾಡಾಂವ, ಜಾವಾಸ್ಕ್ರಿಪ್ಟ್ ಅಂದ್ರ ನನಗ ಜ್ವರಾ ಬರ್ತದ. ಅದಕ್ಕ ಎಲಿಕ್ಸರ್ ಭಾಷಾದ ಫೀನಿಕ್ಸ್ ಲೈವ್‌ವ್ಯೂ ಅನ್ನೋ ವೆಬ್ ಚೌಕಟ್ಟು ಹಿಡಿದೆ. ಗೊತ್ತಿಲ್ಲದವ್ರಿಗೆ ಹೇಳ್ತೀನಿ: ಬಟನ್ ಒತ್ತಿದ್ರ, ಅಕ್ಷರ ಹೊಡೆದ್ರ ಆ ಇವೆಂಟ್ ವೆಬ್‌ಸಾಕೆಟ್ (ಸದಾ ತೆರೆದಿರೋ ಸಂಪರ್ಕ) ಹಿಡಿದು ಸರ್ವರ್‌ಗೆ ಹೋಗ್ತದ, ಅಲ್ಲಿ ಹ್ಯಾಂಡಲ್-ಇವೆಂಟ್ ಅನ್ನೋ ಫಂಕ್ಷನ್ ಓಡ್ತದ, ಪುಟದಾಗ ಬದಲಾದ ತುಣುಕು ಅಷ್ಟೇ ವಾಪಸ್ ಬಂದು ಕೂಡ್ತದ. ಬ್ರೌಸರ್ ಕಡೆ ನಾ ಒಂದು ಸಾಲೂ ಬರ್ದಿಲ್ಲ.

ಈಗ ತೊಂದ್ರಿ ಏನಂದ್ರ, ಕೆಲವು ಲಾಟ್ ಎರಡೆರಡು ಸಲ, ಕೆಲವು ಮೂರು ಸಲ ಬೀಳ್ತಾವ. ದಿನಕ್ಕ ನಲವತ್ತು ಲಾಟ್ ಬಂದ್ರ ಐದಾರು ಹಿಂಗ ಆಗ್ತಾವ. ಮನ್ಯಾಗ ಕೂತು ನೂರು ಸಲ ಒತ್ತಿ ನೋಡಿದೆ, ಒಮ್ಮಿನೂ ಆಗಲಿಲ್ಲ. ಮಾಲಕ್ರು ನಿನ್ನೆ ಫೋನ್ ಹಚ್ಚಿ "ತಮ್ಮಾ, ಮುಂಜಾನೆ 120 ಬಾಕ್ಸ್ ಇಟ್ಟಿದ್ವಿ, ಸಂಜೀಕೆ 360 ತೋರಸ್ಲಿಕತ್ತದ, ಒಳಗ ಮರಿ ಹಾಕ್ಯಾವೇನು?" ಅಂದ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಇವೆಂಟ್ ಎಲ್ಲಾ ಸರ್ವರ್‌ಗೆ ಕಳಿಸೋ ಪದ್ಧತಿನೇ ನಮ್ಮ ಕಡೆ ನೆಟ್‌ವರ್ಕ್‌ಗೆ ಆಗಿಬರೂದಿಲ್ಲೇನು?

ಕುಂದಾನಗರಿ_ಫ್ರಂಟೆಂಡ್ (ಬೆಳಗಾವಿ), ಸೋಮವಾರ ರಾತ್ರಿ 9:52

ಉತ್ತರ ನಿನ್ನ ಪ್ರಶ್ನೆದಾಗ ಐತಿ. ಒಂದು ಕೀ ಒತ್ತಿದ್ದಕ್ಕ ಸರ್ವರ್ ತನಕ ಹೋಗಿ ಬರೂದಂದ್ರ, ಮನ್ಯಾಗ ಉಪ್ಪು ಸಾಲಲಿಲ್ಲಂತ ಒಂದೊಂದು ಚಿಟಿಕಿಗೂ ಸಂತಿಗೆ ಓಡಿದಂಗ. ರಿಯಾಕ್ಟ್ ಅನ್ನೂ ಜಾವಾಸ್ಕ್ರಿಪ್ಟ್ ಲೈಬ್ರರಿಯೊಳಗ ಬರಿ, ಫಾರ್ಮ್ ಬ್ರೌಸರ್‌ದಾಗ ತುಂಬಲಿ, ಕಡೀಕೆ ಒಮ್ಮೆ ಕಳಿಸು. ಮುಗೀತು.

ಘಟಪ್ರಭಾ_ದಂಡಿ (ಗೋಕಾಕ), ಸೋಮವಾರ ರಾತ್ರಿ 9:58

ಡಬಲ್ ಟ್ಯಾಪ್ ಆಗಿರಬೇಕ್ರಿ. ನಮ್ಮ ಮಂದಿ ಬಟನ್ ಒತ್ತಿ ಅರ್ಧ ಸೆಕೆಂಡ್ ಕಾಯೂದಿಲ್ಲ, ಬೋರ್‌ವೆಲ್ ಸ್ವಿಚ್ ಹೊಡೆದಂಗ ಟಕಟಕ ಹೊಡೀತಾರ. ಡಿಬೌನ್ಸ್ ಹಾಕ್ರಿ.

ಪಿಸುಗುಟ್ಟೋ_ಗ್ಯಾಲರಿ (ವಿಜಯಪುರ), ಸೋಮವಾರ ರಾತ್ರಿ 10:03

ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳಸ್ತದ. ನಿಮ್ದು ಮೂರಕ್ಕ ನಿಂತದ, ಪುಣ್ಯಾ ಮಾಡೀರಿ.

ಒಣದ್ರಾಕ್ಷಿ_ಕೋಡ್ (ವಿಜಯಪುರ), ಸೋಮವಾರ ರಾತ್ರಿ 10:05

ಬಂತ ನೋಡ್ರಿ ಗುಮ್ಮಟ. ವಿಜಯಪುರದಾಂವ ಏನ ಕೇಳ್ಲಿ, ಉತ್ತರದಾಗ ಗುಮ್ಮಟ ಬರ್ಲೇಬೇಕು.

ಹಳೇ_ಪೋಸ್ಟ್‌ಬ್ಯಾಕ್ (ಬಾಗಲಕೋಟೆ ನವನಗರ), ಸೋಮವಾರ ರಾತ್ರಿ 10:31

ಹುಡುಗ್ರಾ, ಇದನ್ನ ಹೊಸಾ ವಿದ್ಯಾ ಅನ್ನೂ ಹಂಗ ಮಾತಾಡಬ್ಯಾಡ್ರಿ. ಬ್ರೌಸರ್‌ದಾಗಿನ ಕ್ಲಿಕ್ಕಿಗೆ ಸರ್ವರ್‌ನ್ಯಾಗ ಫಂಕ್ಷನ್ ಬರಿಯೂದನ್ನ ನಾವು 2002ರಾಗ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೆಬ್‌ಫಾರ್ಮ್ಸ್ ಬಂದಾಗಿನಿಂದ ಮಾಡೀವಿ. ಪುಟದಾಗ ಬಟನ್ ಇಟ್ಟು ಅದರ ಮ್ಯಾಲ ಎರಡು ಸಲ ಒತ್ತಿದ್ರ ಸಾಕು, ಸರ್ವರ್ ಕೋಡ್‌ನ್ಯಾಗ ಬಟನ್-ಕ್ಲಿಕ್ ಅಂತ ಫಂಕ್ಷನ್ ತಾನ ಹುಟ್ಟತಿತ್ತು. ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆದಂಗ ವೆಬ್ ಬರೀಬಹುದು ಅಂತ ನಂಬಿಸಿದ್ರು, ನಾವೂ ನಂಬಿದ್ವಿ.

ಆಗಿನ ಒಂದು ಫಾರ್ಮ್ ನನಗ ಇನ್ನೂ ಕನಸಿನ್ಯಾಗ ಬರ್ತೈತಿ. ಜಿಲ್ಲಾ ಆರಿಸಿದ್ರ ತಾಲೂಕಿನ ಪಟ್ಟಿ ಬರಬೇಕು, ತಾಲೂಕು ಆರಿಸಿದ್ರ ಹೋಬಳಿ, ಹೋಬಳಿ ಆರಿಸಿದ್ರ ಹಳ್ಳಿ. ನಾಲ್ಕೂ ಪಟ್ಟಿಗೆ ಆಟೋಪೋಸ್ಟ್‌ಬ್ಯಾಕ್ ಹಚ್ಚಿದ್ದೆ. ಪ್ರತಿ ಸಲ ಪೂರಾ ಪುಟ ಸರ್ವರ್‌ಗೆ ಹೋಗಿ ಬರಬೇಕು, ಜೋಡಿ ವ್ಯೂಸ್ಟೇಟ್ ಅನ್ನೂ ಗಂಟು ಬ್ಯಾರೆ. ಪುಟದ ಮಾಹಿತಿ ಎಲ್ಲಾ ಒಂದು ಗುಪ್ತ ಫೀಲ್ಡ್‌ನ್ಯಾಗ ಕಟ್ಟಿ, ಹೋಗುವಾಗ ಬರುವಾಗ ಹೊತ್ತುಕೊಂಡು ತಿರಗೂದು. ಡಯಲ್-ಅಪ್ ಕಾಲ. ಹುನಗುಂದದ ಆಪರೇಟರ್ ಒಬ್ಬ "ಸರ್, ಜಿಲ್ಲಾ ಒತ್ತಿ ಚಾ ಕುಡದು ಬರ್ತೀನಿ, ತಾಲೂಕು ಒತ್ತಿ ಊಟಾ ಮಾಡಿ ಬರ್ತೀನಿ" ಅಂತಿದ್ದ.

ಡಬಲ್ ಎಂಟ್ರಿ ಆಗಲೂ ಇತ್ತು. ಪುಟ ಬರಲಿಲ್ಲಂತ ರಿಫ್ರೆಶ್ ಒತ್ತಿದ್ರ ಅದ ಫಾರ್ಮ್ ಮತ್ತೊಮ್ಮೆ ಹೋಗಿ ಬೀಳತಿತ್ತು. ಉಳಿಸಿದ ಮ್ಯಾಲ ಬ್ಯಾರೆ ಪುಟಕ್ಕ ಕಳಿಸೂ ರೂಢಿ ಬಂದದ್ದೇ ಅದಕ್ಕ.

ಕುಂದಾನಗರಿ_ಫ್ರಂಟೆಂಡ್ (ಬೆಳಗಾವಿ), ಸೋಮವಾರ ರಾತ್ರಿ 10:36

ಕಾಕಾರ, ನೀವು ಹೇಳಿದ್ದು ನನ್ನ ಮಾತಿಗೇ ಸಾಕ್ಷಿ ಆತು ನೋಡ್ರಿ. ಇಪ್ಪತ್ತು ವರ್ಷದ ಹಿಂದ ಕೈ ಸುಟಗೊಂಡದ್ದನ್ನ ಈಗ ಹೊಸಾ ಹೆಸರಿನ್ಯಾಗ ಮತ್ತ ಮಾಡಾಕತ್ತಾರ.

ಹಳೇ_ಪೋಸ್ಟ್‌ಬ್ಯಾಕ್ (ಬಾಗಲಕೋಟೆ ನವನಗರ), ಸೋಮವಾರ ರಾತ್ರಿ 10:44

ಅರ್ಧ ಮಾತು ಖರೇ. ಆದ್ರ ವೆಬ್‌ಫಾರ್ಮ್ಸ್‌ಗೂ ಇದಕ್ಕೂ ಭಾಳ ಫರಕ್ ಐತೆಪಾ. ಅಲ್ಲಿ ಉತ್ತರ ಕೊಟ್ಟ ಕೂಡ್ಲೇ ಸರ್ವರ್ ನಿನ್ನ ಮಾರಿ ಮರೀತಿತ್ತು, ಅದಕ್ಕ ವ್ಯೂಸ್ಟೇಟ್ ಹೊರಬೇಕಿತ್ತು. ಇಲ್ಲಿ ಸರ್ವರ್ ನೆನಪಿಟ್ಟಕೊಂಡು ಕೂಡ್ತೈತಿ. ಪೂರಾ ಪುಟಾನೂ ಕಳಸೂದಿಲ್ಲ.

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಸೋಮವಾರ ರಾತ್ರಿ 11:15

ನಾಲ್ಕು ವರ್ಷದಿಂದ ಇದ ಕೆಲಸ ಮಾಡಾಕತ್ತೀನಿ, ಒಂದೆರಡು ತಪ್ಪು ತಿದ್ದತೀನಿ.

ಘಟಪ್ರಭಾ ಅವರ, ಡಬಲ್ ಟ್ಯಾಪ್ ಆಗಿರಾಕಿಲ್ಲ. ಲೈವ್‌ವ್ಯೂದಾಗ ಫಾರ್ಮ್ ಸಬ್‌ಮಿಟ್ ಆದ ಕೂಡ್ಲೇ ಸರ್ವರ್ ಉತ್ತರ ಬರೂತನಕ ಅದರ ಫೀಲ್ಡ್ ಎಲ್ಲಾ ಓದಾಕಷ್ಟೇ ಆಗ್ತಾವ, ಬಟನ್ ಒತ್ತಾಕ ಬರೂದಿಲ್ಲ. ಕ್ಲೈಂಟ್ ಲೈಬ್ರರಿ ತಾನ ಮಾಡ್ತೈತಿ. ಸಬ್‌ಮಿಟ್ ಬಿಟ್ಟು ಬರೇ ಕ್ಲಿಕ್ ಇವೆಂಟ್‌ಗೆ ಉಳಿಸೂ ಕೆಲಸ ಕಟ್ಟಿದ್ರ ಮಾತು ಬ್ಯಾರೆ. ಡಿಬೌನ್ಸ್ ಅಂದ್ರ ಬರಿಯೂದು ನಿಂತ ಮ್ಯಾಲ ಇಷ್ಟು ಹೊತ್ತು ಕಾದು ಕಳಸೂದು. ಅದು ಅಕ್ಷರ ಹೊಡಿಯೂ ಫೀಲ್ಡಿಗೆ ಬೇಕು, ಉಳಿಸೂ ಬಟನ್ನಿಗೆ ಔಷಧ ಅಲ್ಲ.

ಫ್ರಂಟೆಂಡ್ ತಮ್ಮಾ, ಇವತ್ತು ರಿಯಾಕ್ಟ್‌ಗೆ ಬದಲಿಸಿದ್ರೂ ನೆಟ್ ಕಡಿದಾಗ ಅವ ಕಳಿಸಿದ್ದು ಮುಟ್ಟಿತೋ ಇಲ್ಲೋ ಅನ್ನೂ ಅನುಮಾನ ಹಂಗ ಇರ್ತೈತಿ. ಮತ್ತೊಮ್ಮೆ ಕಳಸ್ತಾನ, ಮತ್ತ ಎರಡಾಗ್ತಾವ.

ಒಣದ್ರಾಕ್ಷಿ ಅವರ, ಎರಡು ಪ್ರಶ್ನೆ ಅದಾವ. ಎರಡು-ಮೂರು ಸಲ ಬೀಳೂ ಲಾಟ್‌ಗೊಳು ಯಾವ್ಯಾವು, ಯಾವಾಗ ಬೀಳ್ತಾವ? ಆಮ್ಯಾಲ, ನಿಮ್ಮ ಚೇಂಜ್ ಇವೆಂಟ್‌ನ್ಯಾಗ ಏನು ಬರದೀರಿ? ಫಾರ್ಮ್ ಸರಿ ಐತಿಲ್ಲೋ ನೋಡೂದಷ್ಟೋ, ಮತ್ತೇನರ ಐತ್ಯೋ?

ಎರಡನೇ_ಸಾಲು (ಮುಧೋಳ), ಸೋಮವಾರ ರಾತ್ರಿ 11:20

ಸರ್ವರ್ ಮುಂದ ನಿಂತು ಸಂಪರ್ಕ ದಾಟಿಸೂ ಎಂಜಿನ್‌ಎಕ್ಸ್ ನೋಡ್ರಿ ಮೊದಲ. 60 ಸೆಕೆಂಡ್ ಸುಮ್ಮನಿದ್ರ ವೆಬ್‌ಸಾಕೆಟ್ ಕಡದು ಒಗೀತೈತಿ.

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಸೋಮವಾರ ರಾತ್ರಿ 11:24

60 ಅನ್ನೂದು ಖರೇ, ಮೂಲ ಸೆಟ್ಟಿಂಗ್ ಅದ. ಆದ್ರ ಫೀನಿಕ್ಸ್ ಕ್ಲೈಂಟ್ 30 ಸೆಕೆಂಡಿಗೊಮ್ಮೆ ನಾಡಿ ಬಡಿತ ಕಳಸ್ತೈತಿ, ಸುಮ್ಮನ ಇರೂದಿಲ್ಲ. ಅಲ್ಲಿ ಕಡೀಬಾರದು.

ಲೋಕಾಪುರ_ಲಿನಕ್ಸ್ (ಈಗ ಬೆಂಗಳೂರು), ಮಂಗಳವಾರ ಮುಂಜಾನೆ 7:10

ಪದ್ಧತಿನೇ ನಮ್ಮ ಕಡೆ ಆಗಿಬರೂದಿಲ್ಲ ಅನ್ನಬ್ಯಾಡ್ರಿ. ಫೀನಿಕ್ಸ್ ತಂಡ 2015ರಾಗ ಒಂದ ಯಂತ್ರದ ಮ್ಯಾಲ 20 ಲಕ್ಷ ವೆಬ್‌ಸಾಕೆಟ್ ಹಿಡಿದು ತೋರಿಸೈತಿ. ನಿಮ್ಮದು ಎಷ್ಟು, ನಾಲ್ಕು ಟ್ಯಾಬ್?

ಕುಂದಾನಗರಿ_ಫ್ರಂಟೆಂಡ್ (ಬೆಳಗಾವಿ), ಮಂಗಳವಾರ ಮುಂಜಾನೆ 7:48

ಅದು ಲೈವ್‌ವ್ಯೂ ಅಲ್ಲ, ಬರೇ ಚಾನೆಲ್ (ಫೀನಿಕ್ಸ್‌ನ್ಯಾಗ ಸಂದೇಶ ಸಾಗಿಸೂ ಭಾಗ) ಪರೀಕ್ಷಾ. ಆಗ ಲೈವ್‌ವ್ಯೂ ಹುಟ್ಟಿದ್ದೇ ಇಲ್ಲ. ಯಂತ್ರನೂ 40 ಕೋರ್, 128 ಜಿಬಿದು. ಆ ಅಂಕಿ ತಂದು ಇಲ್ಲಿ ಹೊಡೀಬ್ಯಾಡ್ರಿ. ಮತ್ತ ಇವನ ತೊಂದ್ರಿ ಎಷ್ಟು ಮಂದಿ ಅನ್ನೂದಲ್ಲ, ದೂರ ಎಷ್ಟು ಅನ್ನೂದು. ಸರ್ವರ್ ಎಲ್ಲಿ ಇಟ್ಟೀಯೋ?

ಒಣದ್ರಾಕ್ಷಿ_ಕೋಡ್ (ವಿಜಯಪುರ), ಮಂಗಳವಾರ ಮುಂಜಾನೆ 8:02

ಮೊದಲ ಅಮೆರಿಕಾದಾಗ ಇಟ್ಟಿದ್ದೆ, ಸೋವಿ ಸಿಕ್ಕಿತ್ತಂತ. ಬಟನ್ ಒತ್ತಿದ್ರ ಪಟ್ಟಿ ತೆರೀಲಿಕ್ಕೆ ಅಲ್ಲಾಡ್ತಿತ್ತು. ಈಗ ಮುಂಬೈಗೆ ತಂದೀನಿ, ಆಪೀಸಿನ ಬ್ರಾಡ್‌ಬ್ಯಾಂಡ್‌ನಾಗ ಹಗುರ ಓಡ್ತದ.

ಲೋಕಾಪುರ_ಲಿನಕ್ಸ್ (ಈಗ ಬೆಂಗಳೂರು), ಮಂಗಳವಾರ ಮುಂಜಾನೆ 8:15

ಚಲೋ ಮಾಡಿದ್ರಿ. ಬಳಕೆದಾರರ ಅನುಭವದ ಪಂಡಿತ ಜೇಕಬ್ ನೀಲ್ಸನ್ 1993ರಾಗ ಹೇಳಿದ ಲೆಕ್ಕ ಇನ್ನೂ ನಡೀತೈತಿ: 0.1 ಸೆಕೆಂಡ್‌ನೊಳಗ ಉತ್ತರ ಬಂದ್ರ ಮನುಷ್ಯಾಗ ತಕ್ಷಣ ಆತು ಅನಸ್ತೈತಿ. ಅಮೆರಿಕಾಕ್ಕ ಹೋಗಿ ಬರಾಕ ಅದರ ಎರಡರಷ್ಟು ಬೇಕು, ಬರೇ ದಾರಿಗೇ. ಮೆನು ತೆರಿಯೂದು, ಟ್ಯಾಬ್ ಬದಲಿಸೂದು, ಪೆಟ್ಟಿಗಿ ಮುಚ್ಚೂದು, ಇಂಥಾವು ಸರ್ವರ್‌ಗೆ ಹೋಗಲೇಬಾರದು. ಸರ್ವರ್‌ಗೆ ಅದರಿಂದ ಏನ ಆಗಬೇಕೈತಿ? ಲೈವ್‌ವ್ಯೂದಾಗ ಅದಕ್ಕಂತ ಬ್ರೌಸರ್‌ದಾಗ ಓಡೂ ಆಜ್ಞೆ ಅದಾವ, ತೋರಿಸು, ಮುಚ್ಚು, ಕ್ಲಾಸ್ ಹಚ್ಚು. ಜಾವಾಸ್ಕ್ರಿಪ್ಟ್ ಬರಿಯೂದು ಬ್ಯಾಡ, ಜ್ವರಾ ಬರೂದಿಲ್ಲ.

ಸೆರಗು_ಇಳಕಲ್ (ಇಳಕಲ್), ಮಂಗಳವಾರ ಮುಂಜಾನೆ 9:30

ನಮ್ಮ ಅಂಗಡಿ ಸೀರಿ ಪಟ್ಟಿ ಲಾರಾವೆಲ್ ಲೈವ್‌ವೈರ್‌ನ್ಯಾಗ ಐತ್ರಿ, ಪಿಎಚ್‌ಪಿ ಭಾಷಾದಾಗಿನ ಇಂಥಾದ್ದ. ಅಲ್ಲಿ ವೆಬ್‌ಸಾಕೆಟ್ ಇಲ್ಲ, ಪ್ರತಿ ಇವೆಂಟಿಗೂ ಸಾದಾ ವಿನಂತಿ ಹೋಗ್ತೈತಿ. ಮೊದಲಿನ ಆವೃತ್ತಿಯೊಳಗ ಫೀಲ್ಡ್ ಕಟ್ಟಿದ್ರ ಹೊಡೆದಂಗ ಹೊಡೆದಂಗ ಸರ್ವರ್‌ಗೆ ಹೋಗೂದು. 2023ರಾಗ ಮೂರನೇ ಆವೃತ್ತಿ ಬಂದಾಗ ಅವ್ರೇ ಉಲ್ಟಾ ಮಾಡಿದ್ರು: ಕೇಳದ ಹೊರತು ಕಳಸೂದಿಲ್ಲ, ಬಟನ್ ಒತ್ತಿದಾಗ ಎಲ್ಲಾ ಕೂಡಿ ಹೋಗ್ತೈತಿ, ಕೂಡ್ಲೇ ಬೇಕಾದ್ರ ಲೈವ್ ಅಂತ ಬರೀಬೇಕು. ಅವ್ರಿಗೂ ಬುದ್ಧಿ ಬರಾಕ ಎರಡು ಆವೃತ್ತಿ ಬೇಕಾದ್ವು.

ಒಣದ್ರಾಕ್ಷಿ_ಕೋಡ್ (ವಿಜಯಪುರ), ಮಂಗಳವಾರ ಸಂಜೆ 7:25

ಅಕ್ಕಾರ, ಇವತ್ತ ದಿನಾ ಪೂರ್ತಿ ಅಲ್ಲೇ ಕೂತಿದ್ದೆ. ನೀವು ಕೇಳಿದ್ದ ಮೊದಲನೇ ಪ್ರಶ್ನೆಗೆ ಉತ್ತರ ಸಿಕ್ಕದ.

ಸೂಪರ್‌ವೈಜರ್ ಹೊರಗ ತೂಕದ ಹತ್ರ ರೈತರ ಹೆಸರು, ಬಾಕ್ಸ್ ಸಂಖ್ಯಾ ತುಂಬ್ತಾನ. ಆಮ್ಯಾಲ ಹಮಾಲರ ಬೆನ್ನ ಹಿಂದ ಚೇಂಬರ್ ಒಳಗ ಹೋಗ್ತಾನ, ಯಾವ ರ‍್ಯಾಕ್ ಅಂತ ಬರ್ಕೊಳ್ಳಿಕ್ಕೆ. ಗ್ವಾಡಿ ಪಫ್ ಪ್ಯಾನೆಲ್ದು, ಎರಡೂ ಕಡೆ ತಗಡು. ಬಾಗಿಲ ಹಾಕಿದ ಕೂಡ್ಲೇ ಟ್ಯಾಬ್‌ನಾಗ ಒಂದು ಗೀಟೂ ಇಲ್ಲ. ಹೊರಗ ಬಂದ್ರ ಮತ್ತ ಹತ್ತತದ. ಸಣ್ಣ ಲಾಟ್ ಇದ್ರ ರ‍್ಯಾಕ್ ಹೊರಗಿಂದ ಕೂಗಿ ಕೇಳ್ತಾನ, ಒಳಗ ಹೋಗೂದಿಲ್ಲ. ದೊಡ್ಡ ಲಾಟ್ ಎರಡು-ಮೂರು ರ‍್ಯಾಕ್‌ಗೆ ಹಂಚಿ ಹೋಗ್ತದ, ಒಂದೆರಡು ಸಲ ಒಳಗ-ಹೊರಗ. ಎರಡು-ಮೂರು ಸಲ ಬಿದ್ದದ್ದು ಎಲ್ಲಾ ದೊಡ್ಡ ಲಾಟ್‌ಗಳ!

ಒಂದು ಮಾತ್ರ ತಿಳೀಲಿಲ್ಲ. ಒಳಗ ನೆಟ್ ಇಲ್ದಾಗ ಅಂವಾ ಹೊಡೆದ ರ‍್ಯಾಕ್ ನಂಬರ್ ಹೊರಗ ಬಂದ ಮ್ಯಾಲೂ ಹಂಗ ಇರ್ತದ. ಹೆಂಗ?

ಎರಡನೇ ಪ್ರಶ್ನೆಗೆ: ಚೇಂಜ್ ಇವೆಂಟ್‌ನಾಗ ಕಚ್ಚಾ ದಾಖಲೆ ಉಳಸ್ತೀನಿ. ಕರೆಂಟ್ ಹೋಗಲಿ, ಟ್ಯಾಬ್ ಬೀಳಲಿ, ತುಂಬಿದ್ದು ಹೋಗಬಾರ್ದು ಅಂತ. ಮೊದಲ ಅಕ್ಷರಕ್ಕ ಡೇಟಾಬೇಸ್‌ನಾಗ ಹೊಸ ಸಾಲು ಹಾಕಿ ಅದರ ಐಡಿ ಸಾಕೆಟ್‌ನ ಸ್ಥಿತಿಯೊಳಗ ಇಟ್ಕೋತೀನಿ, ಮುಂದಿನವು ಅದನ್ನ ತಿದ್ದತಾವ. ಮೊತ್ತ ತೆಗಿಯುವಾಗ ಕಚ್ಚಾನೂ ಎಣಸ್ತೀನಿ, ಯಾಕಂದ್ರ ಅಂವಾ ಎಷ್ಟೋ ಸಲ ಉಳಿಸು ಒತ್ತೂದೇ ಮರೀತಾನ.

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಮಂಗಳವಾರ ರಾತ್ರಿ 8:10

ಸಿಕ್ಕಿತು ಕಳ್ಳ. ನಿಮ್ಮ ಎರಡೂ ಅಚ್ಚರಿಗೆ ಒಂದ ಕಾರಣ.

ಲೈವ್‌ವ್ಯೂದಾಗ ತೆರೆದ ಪ್ರತಿ ಪುಟಕ್ಕೂ ಸರ್ವರ್‌ನ್ಯಾಗ ಒಂದು ಪ್ರೊಸೆಸ್ ಇರ್ತೈತಿ, ಸ್ಥಿತಿ ಎಲ್ಲಾ ಅದರ ಹೊಟ್ಯಾಗ. ಟ್ಯಾಬ್ ಚೇಂಬರ್ ಒಳಗ ಹೋತು, ಸಾಕೆಟ್ ಕಡೀತು, ಆ ಪ್ರೊಸೆಸ್ ಸತ್ತಿತು. ನೀವು ಇಟಗೊಂಡಿದ್ದ ಕಚ್ಚಾ ದಾಖಲೆ ಐಡಿನೂ ಅದರ ಜೋಡಿ ಹೋತು. ಹೊರಗ ಬಂದ ಮ್ಯಾಲ ಹೊಸಾ ಪ್ರೊಸೆಸ್ ಹುಟ್ಟಿ ಮೌಂಟ್ ಆಗ್ತೈತಿ (ಪುಟ ಮೊದಲಿನಿಂದ ಕಟ್ಟತೈತಿ), ಅದಕ್ಕ ಹಿಂದಿನ ಜನ್ಮದ ನೆನಪಿಲ್ಲ.

ಆದ್ರ ಬ್ರೌಸರ್‌ದಾಗಿನ ಫಾರ್ಮ್ ಹಂಗ ಐತಿ, ಅಂವಾ ತುಂಬಿದ್ದೂ ಐತಿ. ಚೇಂಜ್ ಇವೆಂಟ್ ಮತ್ತ ಐಡಿ ಎರಡೂ ಇರೂ ಫಾರ್ಮನ್ನ ಲೈವ್‌ವ್ಯೂ ತಾನ ಕಾಪಾಡ್ತೈತಿ: ಮೌಂಟ್ ಮುಗಿದ ಕೂಡ್ಲೇ ಅದ ಚೇಂಜ್ ಇವೆಂಟನ್ನ, ಫಾರ್ಮ್‌ನ್ಯಾಗ ಇದ್ದದ್ದನ್ನೆಲ್ಲಾ ಕಟ್ಟಿ, ಮತ್ತೊಮ್ಮೆ ಕಳಸ್ತೈತಿ. ಅದಕ್ಕ ರ‍್ಯಾಕ್ ನಂಬರ್ ಉಳೀತು. ಅದಕ್ಕ ಹೊಸಾ ಸಾಲೂ ಬಿತ್ತು, ಯಾಕಂದ್ರ ನಿಮ್ಮ ಕೋಡ್ ಐಡಿ ಖಾಲಿ ಕಂಡು ಇದು ಹೊಸಾ ಲಾಟ್ ಅಂತ ತಿಳೀತು. ಸಾಲು ಹಾಕಿದಾಂವ ಸೂಪರ್‌ವೈಜರ್ ಅಲ್ಲ, ಲೈಬ್ರರಿ. ಮನ್ಯಾಗ ನಿಮ್ಮ ವೈಫೈ ಕಡೀಲಿಲ್ಲ, ಅದಕ್ಕ ಆಗಲಿಲ್ಲ.

ಚೇಂಜ್ ಇವೆಂಟ್ ಯಾವಾಗ ಬೇಕಾದ್ರೂ, ಎಷ್ಟು ಸಲ ಬೇಕಾದ್ರೂ ಬರಬಹುದು ಅಂತ ತಿಳದು ಬರೀಬೇಕು.

ಪಿಸುಗುಟ್ಟೋ_ಗ್ಯಾಲರಿ (ವಿಜಯಪುರ), ಮಂಗಳವಾರ ರಾತ್ರಿ 8:14

ಅಂದ್ರ ಒಮ್ಮೆ ಕೂಗಿದ್ದು ಮೂರು ಸಲ ಕೇಳಿಸಿದ್ದು ಖರೇನ ಆತು. ನಾ ಸುಮ್ನ ಹೇಳಿದ್ನೇನು!

ಘಟಪ್ರಭಾ_ದಂಡಿ (ಗೋಕಾಕ), ಮಂಗಳವಾರ ರಾತ್ರಿ 8:20

ಹಂಗಾರ ಆ ಕಾಪಾಡೂದನ್ನ ಬಂದ್ ಮಾಡಿದ್ರ ಆತು. ಆಟೋ-ರಿಕವರ್ ಇಗ್ನೋರ್ ಅಂತ ಏನೋ ಐತಲ್ಲ?

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಮಂಗಳವಾರ ರಾತ್ರಿ 8:26

ಐತಿ. ಹಚ್ಚಿದ್ರ ಚೇಂಬರ್ ಒಳಗ ಹೊಡೆದ ರ‍್ಯಾಕ್ ನಂಬರ್ ಹೋಗ್ತೈತಿ. ಆ ಥಂಡ್ಯಾಗ ಎರಡನೇ ಸಲ ಹೋಗಿ ಬರೀ ಅಂದ್ರ ಸೂಪರ್‌ವೈಜರ್ ಟ್ಯಾಬ್ ಒಗದು ಹೋಗ್ತಾನ.

ಬದಲಿ ಹಿಂಗ ಮಾಡ್ರಿ: ಐಡಿಯನ್ನ ಸಾಕೆಟ್‌ನ್ಯಾಗ ಇಡಬ್ಯಾಡ್ರಿ, ಯುಆರ್‌ಎಲ್‌ನ್ಯಾಗ ಇಡ್ರಿ. ಮೊದಲ ಸಾಲು ಹಾಕಿದ ಕೂಡ್ಲೇ ಪುಶ್-ಪ್ಯಾಚ್ ಮಾಡಿ ವಿಳಾಸದಾಗ ಸೇರಸ್ರಿ. ಮತ್ತ ಜೋಡಣಿ ಆದಾಗ ಬ್ರೌಸರ್ ಆ ವಿಳಾಸಾನ ಕಳಸ್ತೈತಿ, ನೀವು ಡೇಟಾಬೇಸ್‌ನಿಂದ ಹಳೇ ಸಾಲು ತಗೋತೀರಿ, ತಿದ್ದತೀರಿ.

ಎರಡನೇ_ಸಾಲು (ಮುಧೋಳ), ಮಂಗಳವಾರ ರಾತ್ರಿ 8:51

ಅಕ್ಕಾರ, ಒಂದು ತೂತು ಉಳೀತೈತಿ. ಮೊದಲ ಸಾಲು ಡೇಟಾಬೇಸ್‌ನ್ಯಾಗ ಬಿತ್ತು, ಹೊಸಾ ವಿಳಾಸ ಇನ್ನೂ ದಾರ್ಯಾಗ ಐತಿ, ಅಷ್ಟರಾಗ ಬಾಗಿಲ ಹಾಕಿದ್ರು. ಟ್ಯಾಬ್‌ಗೆ ವಿಳಾಸ ಮುಟ್ಟಲಿಲ್ಲ. ಹೊರಗ ಬಂದಾಗ ಮತ್ತ ಹೊಸಾ ಸಾಲು.

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಮಂಗಳವಾರ ರಾತ್ರಿ 9:05

ಖರೇ ಐತಿ, ಒಪ್ಪಿದೆ. ಹಂಗಾರ "ಹೊಸ ಲಾಟ್" ಬಟನ್ ಒತ್ತಿದಾಗಲೇ ಐಡಿ ಹುಟ್ಟಿಸಿ, ಆ ಐಡಿ ಇದ್ದ ವಿಳಾಸಕ್ಕ ಹೋಗಿ, ಆಮ್ಯಾಲ ಫಾರ್ಮ್ ತೋರಸಬೇಕು. ಫಾರ್ಮ್ ಕಂಡಿತಂದ್ರ ಐಡಿ ಕೈಯಾಗ ಐತಿ ಅಂತ ಅರ್ಥ. ಡೇಟಾಬೇಸ್‌ನ್ಯಾಗ ಆ ಐಡಿಗೆ ಯೂನಿಕ್ ಇಂಡೆಕ್ಸ್ (ಒಂದ ಐಡಿ ಎರಡು ಸಲ ಬೀಳದಂಗ ತಡಿಯೂದು) ಹಾಕಿ, ಇದ್ರ ತಿದ್ದು, ಇಲ್ಲಾಂದ್ರ ಹಾಕು ಅಂತ ಬರೀರಿ. ಹತ್ತು ಸಲ ಬಂದ್ರೂ ಒಂದ ಸಾಲು.

ಹಳೇ_ಪೋಸ್ಟ್‌ಬ್ಯಾಕ್ (ಬಾಗಲಕೋಟೆ ನವನಗರ), ಮಂಗಳವಾರ ರಾತ್ರಿ 9:12

ನಮ್ಮಪ್ಪ ಅಡತಿ ಅಂಗಡಿಯೊಳಗ ಗುಮಾಸ್ತ ಇದ್ರು. ಪಾವತಿ ಪುಸ್ತಕದಾಗ ನಂಬರ್ ಮೊದಲ ಛಾಪಾ ಆಗಿ ಬರತಿತ್ತು, ಹೆಸರು ಆಮ್ಯಾಲ ಬರೀತಿದ್ರು. ಅದ ಆತಲ್ಲ ಇದು?

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಮಂಗಳವಾರ ರಾತ್ರಿ 9:14

ಅದ ರೀ ಕಾಕಾರ. ನಾ ಎರಡು ಪ್ಯಾರಾ ಬರೆದದ್ದನ್ನ ಒಂದ ಸಾಲಿನ್ಯಾಗ ಹೇಳಿದ್ರಿ.

ಚೌಕಟ್ಟು_ನೀಲಿ (ಬೆಳಗಾವಿ), ಮಂಗಳವಾರ ರಾತ್ರಿ 9:40

ಮೈಕ್ರೋಸಾಫ್ಟ್‌ನ ಬ್ಲೇಜರ್ ಸರ್ವರ್ ಬಳಸಿದ್ರ ಈ ಗದ್ದಲ ಇರ್ತಿದ್ದಿಲ್ಲ. ಅಲ್ಲಿ ಸಂಪರ್ಕ ಕಡಿದ್ರೂ ಸರ್ವರ್ ಆ ಸರ್ಕಿಟ್ಟನ್ನ (ಆ ಬಳಕೆದಾರರ ಪುಟದ ಸ್ಥಿತಿ) ಮೂಲ ಸೆಟ್ಟಿಂಗ್ ಪ್ರಕಾರ 3 ನಿಮಿಷ ಜೀವಂತ ಇಟ್ಟಿರ್ತದೆ. ಅಷ್ಟರೊಳಗೆ ಬಂದ್ರೆ ಹಳೇ ಸ್ಥಿತಿ ಹಂಗೇ ಸಿಗ್ತದೆ.

ಎರಡನೇ_ಸಾಲು (ಮುಧೋಳ), ಮಂಗಳವಾರ ರಾತ್ರಿ 9:43

ಹಮಾಲರು ಒಳಗ ನಾಲ್ಕು ನಿಮಿಷ ನಿಂತ್ರ?

ಚೌಕಟ್ಟು_ನೀಲಿ (ಬೆಳಗಾವಿ), ಮಂಗಳವಾರ ರಾತ್ರಿ 9:50

ಸೆಟ್ಟಿಂಗ್ ಹೆಚ್ಚು ಮಾಡಬಹುದು. ಹೌದು, ಮೆಮರಿ ತಿಂತದೆ. ಸರ್ವರ್ ರೀಸ್ಟಾರ್ಟ್ ಆದ್ರೆ ಅದೂ ಹೋಗ್ತದೆ, ಒಪ್ಕೋತೀನಿ. ಬಟ್ ಸಣ್ಣ ಕಡಿತಕ್ಕೆ ಬ್ಲೇಜರ್ ಚಲೋ, ಅಷ್ಟೇ ನನ್ನ ವಾದ.

ಕುಂದಾನಗರಿ_ಫ್ರಂಟೆಂಡ್ (ಬೆಳಗಾವಿ), ಮಂಗಳವಾರ ರಾತ್ರಿ 10:02

ಆತು, ನಿನ್ನೆ ನಾ ಸ್ವಲ್ಪ ಜೋರು ಮಾತಾಡಿದೆ. ಆದ್ರ ಒಂದು ಬಿಡಾಂವಲ್ಲ: ಒಳಗ ನೆಟ್ಟ ಇಲ್ಲ ಅನ್ನೂ ಜಾಗಾಕ್ಕ ಖರೇ ಅಂದ್ರ ಆಫ್‌ಲೈನ್ ಆ್ಯಪ್ ಬೇಕು. ಟ್ಯಾಬ್‌ನ್ಯಾಗ ಉಳದು, ನೆಟ್ ಬಂದಾಗ ಕೂಡಬೇಕು. ಫಾರ್ಮ್ ತೆರೆದ ಮ್ಯಾಲ ಕಡಿದ್ರ ನಿಮ್ಮ ಉಪಾಯ ನಡೀತೈತಿ. ಒಳಗ ಹೋಗಿ "ಹೊಸ ಲಾಟ್" ಒತ್ತಿದ್ರ?

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಮಂಗಳವಾರ ರಾತ್ರಿ 10:09

ಆಗ ಏನೂ ಆಗೂದಿಲ್ಲ, ಸರಿಯಾಗಿ ಹೇಳಿದಿ. ಅಲ್ಲಿ ಲೈವ್‌ವ್ಯೂ ಸೋತಿತು. ಇವ್ರ ಕೆಲಸದಾಗ ತೂಕ ಹೊರಗ ಆಗ್ತೈತಿ, ಲಾಟ್ ಹುಟ್ಟೂದೂ ಹೊರಗ, ಅದಕ್ಕ ನಡೀತೈತಿ. ಹೊಲದಾಗ ನಿಂತು ತುಂಬೂ ಆ್ಯಪ್ ಇದ್ರ ನಾನೂ ನಿನ್ನ ಕಡೆ ಬರ್ತಿದ್ದೆ.

ಕೀಲಿಮಣೆ_ಕನ್ನಡ (ಜಮಖಂಡಿ), ಬುಧವಾರ ಮುಂಜಾನೆ 6:50

ವಿಷಯಾಂತರ, ಕ್ಷಮಾ ಇರಲಿ. ರೈತರ ಹೆಸರು ಕನ್ನಡದಾಗ ಹುಡುಕತೀರೇನು? ಹುಡುಕಿದ್ರ ಇನ್ನೊಂದು ಕಾಟ ಕಾದೈತಿ.

ನಮ್ಮ ಭಾಷಾದಾಗ ಒಂದು ಅಕ್ಷರ ಕಾಣೂದಕ್ಕ ಮೂರು-ನಾಲ್ಕು ಕೀ ಬೇಕು. ಧ್ವನಿ ಆಧಾರದ ಕೀಲಿಮಣೆದಾಗ "ದ್ರಾಕ್ಷಿ" ಅಂತ ಹೊಡೆಯುವಾಗ ಮೊದಲ "ದ್", ಆಮ್ಯಾಲ "ದ್ರ್", ಆಮ್ಯಾಲ "ದ್ರಾ" ಹಿಂಗ ಬೆಳೀತೈತಿ. ಪ್ರತಿ ಇನ್‌ಪುಟ್ ಇವೆಂಟ್ ಸರ್ವರ್‌ಗೆ ಹೋದ್ರ ಅರ್ಧಾ ಅಕ್ಷರಕ್ಕ ಹುಡುಕಾಟ ನಡದು "ದಾಖಲೆ ಇಲ್ಲ" ಅಂತ ಒಮ್ಮೆ ಮಿಂಚಿ ಹೋಗ್ತೈತಿ. ದಾನಪ್ಪ ಅಂತ ಹುಡುಕಾಂವ "ದ್" ಹೊಡೆದಾಗ ಕೊನೀಗೆ ಹಲಂತ ಐತಿ, ಅವನ ಹೆಸರಿನ್ಯಾಗ "ದ್" ಇಲ್ಲ. ಬ್ರೌಸರ್ ಕಂಪೋಸಿಶನ್ (ಅಕ್ಷರ ಕೂಡಿಸೂದು) ಶುರು, ಕಂಪೋಸಿಶನ್ ಮುಗೀತು ಅಂತ ಬ್ಯಾರೆ ಇವೆಂಟ್ ಕೊಡ್ತೈತಿ, ಮುಗಿದ ಮ್ಯಾಲ ಕಳಸೂದು ಚಲೋ. ಆಂಡ್ರಾಯ್ಡ್‌ನ್ಯಾಗ ಕೀಡೌನ್ (ಕೀ ಒತ್ತಿದಾಗಿನ ಇವೆಂಟ್) ನಂಬಬ್ಯಾಡ್ರಿ, ಯಾವ ಅಕ್ಷರ ಹೊಡೆದ್ರೂ ಬಹಳ ಸಲ ಕೀ ಕೋಡ್ 229 ಅಂತನ ಬರ್ತೈತಿ.

ಹೊಡಿಯುವಾಗ ಸರ್ವರ್ ಫೀಲ್ಡಿನ ಬೆಲೆ ತಿರಗಿ ಬರದ್ರ ಇನ್ನೂ ಅಧ್ವಾನ, ಒತ್ತಕ್ಷರ ಹರದು ಬೀಳ್ತೈತಿ. ಕರ್ಸರ್ ಇರೂ ಫೀಲ್ಡನ್ನ ಲೈವ್‌ವ್ಯೂ ಮುಟ್ಟೂದಿಲ್ಲ, ಅದೊಂದು ಪುಣ್ಯಾ.

ಒಣದ್ರಾಕ್ಷಿ_ಕೋಡ್ (ವಿಜಯಪುರ), ಬುಧವಾರ ಮುಂಜಾನೆ 8:30

ಅಯ್ಯ, ಅದಕ್ಕೇನ್ರಿ! "ಇಲ್ಲ ಅಂತದ, ಇದೆ ಅಂತದ, ಇಲ್ಲ ಅಂತದ" ಅಂತ ಸೂಪರ್‌ವೈಜರ್ ಬೈತಿದ್ದ. 400 ಮಿಲಿಸೆಕೆಂಡ್ ಡಿಬೌನ್ಸ್ ಹಾಕಿದೆ ಈಗ, ಮಿಂಚೂದು ನಿಂತದ.

ಆದ್ರ "ರ‍್ಯಾಕ್" ಅಂತ ಹುಡುಕಿದ್ರ ಕೆಲವು ಸಾಲು ಬರ್ತಾವ, ಕೆಲವು ಬರೂದಿಲ್ಲ. ಕಣ್ಣಿಗೆ ಎರಡೂ ಒಂದ.

ಕೀಲಿಮಣೆ_ಕನ್ನಡ (ಜಮಖಂಡಿ), ಬುಧವಾರ ಮುಂಜಾನೆ 8:41

ಹತ್ತಿರದಿಂದ ನೋಡ್ರಿ, ಕೆಲವು "ರ್ಯಾಕ್" ಇರ್ತಾವ, ಅರ್ಕಾವೊತ್ತು ಹಾಕಿದ್ದು. "ರ‍್ಯಾ" ಬರಾಕ ನಡುವ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಬೇಕು. ಕೆಲವು ಕೀಲಿಮಣೆ ಹಾಕ್ತಾವ, ಕೆಲವು ಹಾಕೂದಿಲ್ಲ. "ಕೋ" ಅನ್ನೂದೂ ಹಂಗ, ಒಂದ ಚಿಹ್ನಿಯಾಗಿಯೂ ಬರಬಹುದು, ತುಂಡು ತುಂಡಾಗಿಯೂ ಬರಬಹುದು. ಉಳಸೂ ಮೊದಲ ಸರ್ವರ್‌ನ್ಯಾಗ ಯುನಿಕೋಡ್ ಸಾಮಾನ್ಯೀಕರಣ (ಒಂದ ಅಕ್ಷರದ ಬ್ಯಾರೆ ರೂಪಗಳನ್ನ ಒಂದ ಮಾಡೂದು) ಮಾಡಿದ್ರ "ಕೋ" ಸರಿ ಆಗ್ತೈತಿ. ಆ ಜೋಡಕ ಅಕ್ಷರ ಮಾತ್ರ ಅದರಿಂದ ಹೋಗೂದಿಲ್ಲ, ಹುಡುಕಾಟದ ಕಾಲಮ್‌ನ್ಯಾಗ ಕೈಯಿಂದ ತಗೀಬೇಕು.

ಸೆರಗು_ಇಳಕಲ್ (ಇಳಕಲ್), ಬುಧವಾರ ಮುಂಜಾನೆ 9:15

ರ‍್ಯಾಕ್‌ಗೆ "ಮಾಡ" ಅಂತ ಬರೀರಿ, ತಕರಾರ ಮುಗೀತು.

ಘಟಪ್ರಭಾ_ದಂಡಿ (ಗೋಕಾಕ), ಬುಧವಾರ ಮಧ್ಯಾಹ್ನ 1:20

ನಾ ಒಂದು ಕೇಳಲೇನು. ಬಾಕ್ಸ್ ಮ್ಯಾಲ ಬಾರ್‌ಕೋಡ್ ಹಚ್ಚಿ ಸ್ಕ್ಯಾನರ್‌ನಿಂದ ಓದ್ತೀವಿ ನಾವು. ಸ್ಕ್ಯಾನರ್ ಕೀಲಿಮಣೆ ಹಂಗ ನಡೀತೈತಿ, 13 ಅಂಕಿ ಪಟಪಟ ಹೊಡದು ಎಂಟರ್ ಒತ್ತತೈತಿ. ವಿಂಡೋ ಕೀಡೌನ್ ಹಚ್ಚಿದ್ದೆ. ಎಂಟರ್ ಸೇರಿ 14 ಇವೆಂಟ್ ಸರ್ವರ್‌ಗೆ ಹೋಗ್ತಾವ, ಪ್ರತಿ ಸಲ ಪುಟ ಲೆಕ್ಕ ಹಾಕ್ತೈತಿ.

ಲೋಕಾಪುರ_ಲಿನಕ್ಸ್ (ಈಗ ಬೆಂಗಳೂರು), ಬುಧವಾರ ಮಧ್ಯಾಹ್ನ 1:35

ಅಲ್ಲಿ ಹತ್ತು ಸಾಲು ಜಾವಾಸ್ಕ್ರಿಪ್ಟ್ ಬರೀಬೇಕು, ಜ್ವರಾ ಬಂದ್ರೂ ಸರಿ. ಒಂದು ಹುಕ್ (ಲೈವ್‌ವ್ಯೂಗೆ ಜಾವಾಸ್ಕ್ರಿಪ್ಟ್ ಸೇರಿಸೂ ಕೊಂಡಿ) ಮಾಡಿ, ಅಂಕಿ ಎಲ್ಲಾ ಬ್ರೌಸರ್‌ದಾಗ ಕೂಡಿಟ್ಟು, ಎಂಟರ್ ಬಂದಾಗ ಪುಶ್-ಇವೆಂಟ್ ಒಮ್ಮೆ ಮಾಡ್ರಿ. ಇಂಥಾದ್ದ ಇನ್ನೊಂದು ಲೈಬ್ರರಿ ಎಚ್‌ಟಿಎಮ್‌ಎಕ್ಸ್‌ನ್ಯಾಗ ಆದ್ರ ಟ್ರಿಗರ್‌ನ್ಯಾಗ "ಕೀ ಎಂಟರ್ ಇದ್ರ ಮಾತ್ರ" ಅಂತ ಶರತ್ತು ಬರೀಬಹುದು. ಸರ್ವರ್‌ಗೆ ಬೇಕಾದದ್ದು ಬಾರ್‌ಕೋಡ್, ಬಟ್ಟು ಎಲ್ಲೆಲ್ಲಿ ಬಿತ್ತು ಅನ್ನೂದಲ್ಲ.

ಎರಡನೇ_ಸಾಲು (ಮುಧೋಳ), ಬುಧವಾರ ಸಂಜೆ 6:05

ಯಾರೂ ಹೇಳಲಿಲ್ಲ, ನಾ ಹೇಳ್ತೀನಿ. ಪುಟದಾಗ "ಅಳಿಸು" ಬಟನ್ ಮಾಲಕ್ರಿಗೆ ಮಾತ್ರ ಕಾಣೂ ಹಂಗ ಮಾಡಿರಬಹುದು. ಆದ್ರ ಬ್ರೌಸರ್ ಕನ್ಸೋಲ್ ತೆರದು ಅದ ಇವೆಂಟ್ ಹೆಸರು, ಬ್ಯಾರೆ ಲಾಟ್ ಐಡಿ ಕೊಟ್ಟು ಯಾರರ ಕಳಿಸಿದ್ರ ಹ್ಯಾಂಡಲ್-ಇವೆಂಟ್ ಓಡ್ತೈತಿ. ಬಟನ್ ಮುಚ್ಚಿದ್ದು ಬಾಗಿಲಿಗೆ ಪರದೆ ಇಳಿಬಿಟ್ಟಂಗ, ಕೀಲಿ ಅಲ್ಲ. ಪ್ರತಿ ಇವೆಂಟ್ ಒಳಗ ಯಾರು, ಇವ್ರಿಗೆ ಅಧಿಕಾರ ಐತೋ ಇಲ್ಲೋ ಅಂತ ಮತ್ತೊಮ್ಮೆ ನೋಡಬೇಕು. ನನ್ನ ಹಳೇ ಕಂಪನ್ಯಾಗ ಇದನ್ನ ಮರತು ಒಬ್ಬ ಟ್ರೇನಿ ಆಟಾ ಆಡ್ತಾ ಆಡ್ತಾ ಒಂದು ತಿಂಗಳ ಬಿಲ್ ಒರಸಿಹಾಕಿದ್ದ. ಆ ಟ್ರೇನಿ ನಾನ.

ಪಿಸುಗುಟ್ಟೋ_ಗ್ಯಾಲರಿ (ವಿಜಯಪುರ), ಬುಧವಾರ ಸಂಜೆ 6:11

ಕಡೀ ಸಾಲು ಓದಿ ಚಾ ಮೂಗಿನ್ಯಾಗ ಬಂತು.

ಒಣದ್ರಾಕ್ಷಿ_ಕೋಡ್ (ವಿಜಯಪುರ), ಭಾನುವಾರ ರಾತ್ರಿ 8:55

ಬುಧವಾರ ರಾತ್ರಿ ಹಾಕಿದೆ. "ಹೊಸ ಲಾಟ್" ಒತ್ತಿದ್ರ ಐಡಿ, ಐಡಿ ವಿಳಾಸದಾಗ, ಯೂನಿಕ್ ಇಂಡೆಕ್ಸ್, ಇದ್ರ ತಿದ್ದು. ಗುರುವಾರದಿಂದ ಇವತ್ತಿನ ತನಕ ನೂರಾ ಐವತ್ತರ ಮ್ಯಾಲ ಲಾಟ್ ಬಂದಾವ, ಒಂದೂ ಎರಡಾಗಿಲ್ಲ. ಶುಕ್ರವಾರ ನಾನ ಟ್ಯಾಬ್ ಹಿಡಕೊಂಡು ಒಂದ ಲಾಟ್‌ಗೆ ಹನ್ನೊಂದು ಸಲ ಒಳಗ-ಹೊರಗ ಓಡಾಡಿದೆ. ಹಮಾಲರು "ಇವ್ನಿಗೇನಾತು" ಅಂತ ನಿಂತು ನೋಡಿದ್ರು. ಸಾಲು ಒಂದ, ನೆಗಡಿ ಮಾತ್ರ ಜಗ್ಗಿ.

ಹಳೇ ಡಬಲ್ ಸಾಲು ತಗೀಲಿಕ್ಕೆ ಎರಡು ರಾತ್ರಿ ಹೋದ್ವು. ಒಂದ ರೈತರು ಒಂದ ದಿನ ಖರೇನ ಎರಡು ಗಾಡಿ ತಂದದ್ದೂ ಇದ್ವು, ಸುಮ್ನ ಒರಸಲಿಕ್ಕೆ ಬರೂಹಂಗಿಲ್ಲ. ತೂಕದ ಚೀಟಿ ಹಿಡದು ಒಂದೊಂದ ತಾಳೆ ನೋಡಿದೆ.

ಅಳಿಸು ಇವೆಂಟ್‌ನಾಗ ಅಧಿಕಾರ ನೋಡೂದು ಇದ್ದಿದ್ದೇ ಇಲ್ಲ. ಹಾಕೀನಿ. ಮುಧೋಳದವ್ರಿಗೆ ದೊಡ್ಡ ನಮಸ್ಕಾರ.

ಕುಂದಾನಗರಿ_ಫ್ರಂಟೆಂಡ್ (ಬೆಳಗಾವಿ), ಭಾನುವಾರ ರಾತ್ರಿ 9:03

ಒಟ್ಟು ಎಷ್ಟು ಸಾಲು ಜಾವಾಸ್ಕ್ರಿಪ್ಟ್ ಬರದಿ?

ಒಣದ್ರಾಕ್ಷಿ_ಕೋಡ್ (ವಿಜಯಪುರ), ಭಾನುವಾರ ರಾತ್ರಿ 9:04

ಹದಿನಾಲ್ಕು. ಕೀಲಿಮಣೆದು.

ಸೆರಗು_ಇಳಕಲ್ (ಇಳಕಲ್), ಭಾನುವಾರ ರಾತ್ರಿ 9:10

ಅಕ್ಕಾರಿಗೆ ಒಣದ್ರಾಕ್ಷಿ ಯಾವಾಗ ಕಳಸ್ತೀರಿ? ಬೆಳಗಾವಿಯಿಂದ ವಾಪಸ್ ಕುಂದಾ ಬರಬೇಕು, ಅಮೀನಗಡದ ಕರದಂಟು ನಾ ಹಾಕ್ತೀನಿ.

ಘಟಪ್ರಭಾ_ದಂಡಿ (ಗೋಕಾಕ), ಭಾನುವಾರ ರಾತ್ರಿ 9:12

ಕರದಂಟು ಅಂದ್ರ ಗೋಕಾಕ. ಬ್ಯಾರೆ ಚರ್ಚಾ ಇಲ್ಲ.

ಸೆರಗು_ಇಳಕಲ್ (ಇಳಕಲ್), ಭಾನುವಾರ ರಾತ್ರಿ 9:13

ಶುರು ಆತು.

ಬೀಮ್_ಅಕ್ಕ (ಬೆಳಗಾವಿ, ಟಿಳಕವಾಡಿ), ಭಾನುವಾರ ರಾತ್ರಿ 9:30

ಎರಡೂ ಕಳಸ್ರಿ, ತಿಂದು ನೋಡಿ ಹೇಳ್ತೀನಿ. ಒಣದ್ರಾಕ್ಷಿ ಅವರ, ಮೊತ್ತದಾಗ ಕಚ್ಚಾ ಸಾಲು ಇನ್ನೂ ಎಣಸ್ತೀರೇನು? ಯಾರರ "ಹೊಸ ಲಾಟ್" ಒತ್ತಿ ಹಂಗ ಬಿಟ್ಟು ಹೋದ್ರ ಖಾಲಿ ಸಾಲು ಉಳೀತಾವ, ನೋಡ್ಕೋರಿ.

ಒಣದ್ರಾಕ್ಷಿ_ಕೋಡ್ (ವಿಜಯಪುರ), ಭಾನುವಾರ ರಾತ್ರಿ 9:34

ತಡೀರಿ, ಲ್ಯಾಪ್‌ಟಾಪ್ ತೆರೀತೀನಿ.